ಬಿಡಾರದ ಹುಡುಗನೂ ಊರಿನ ಮೈದಾನವೂ

ಕಾಲ್ಚೆಂಡಾಟದ ವಿಷಯಕ್ಕೆ ಈ ಅಂಕಣದಲ್ಲಿ ಸ್ಥಳ ಕೊಡುವುದು ನಮ್ಮ ವಾಡಿಕೆಯಲ್ಲ. ಗೆದ್ದವರಾರು, ಸೋತವರಾರು ಎಂಬ ವರ್ತಮಾನಕ್ಕೆ ಪತ್ರಿಕೆಯಲ್ಲಿ ಬೇರೆ ಪುಟವಿದೆ. ಅದನ್ನು ಓದುವ ರಸಿಕರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಬ್ಬ ಆಟಗಾರನ ಬಾಳು ಒಮ್ಮೊಮ್ಮೆ ಮೈದಾನದ ಗೆರೆಯನ್ನು ದಾಟಿ ಬಂದು, ರಾಜ್ಯಭಾರ ಮಾಡುವವರಿಗೂ ಶಾಲೆ ನಡೆಸುವವರಿಗೂ ಹಣವಂತರಿಗೂ ಕೇಳಬೇಕಾದ ಪ್ರಶ್ನೆಯೊಂದನ್ನು ಕೇಳುವುದುಂಟು. ಕೆನಡಾ ದೇಶದ ಅಲ್ಫಾನ್ಸೊ ಡೇವಿಸ್ ಎಂಬ ತರುಣನ ವೃತ್ತಾಂತವು ಅಂಥದು. ನಿರಾಶ್ರಿತರ ಬಿಡಾರದಲ್ಲಿ ಹುಟ್ಟಿದ ಆತನು ಹತ್ತೊಂಬತ್ತರ ವಯಸ್ಸಿಗೆ ಯುರೋಪಿನ ಅತ್ಯುನ್ನತ ಪಾರಿತೋಷಕವನ್ನು ಗೆದ್ದನು. ಆತನ ಕಾಲುಗಳ ವೇಗವು ದೈವದತ್ತವಾದುದು. ಅದರ ಬಗ್ಗೆ ನಾವು ಹೇಳುವುದೇನೂ ಇಲ್ಲ. ಆದರೆ ಆ ವೇಗವು ಬಿಡಾರದ ಧೂಳಿನಲ್ಲಿಯೇ ಅಡಗಿಹೋಗದಂತೆ ಕಾಪಾಡಿದ ಏರ್ಪಾಡುಗಳು ಮನುಷ್ಯರು ಮಾಡಿದವು. ಮನುಷ್ಯರು ಒಂದೆಡೆ ಮಾಡಿದ್ದನ್ನು ಬಳ್ಳಾರಿಯಲ್ಲಿ, ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ ಏಕೆ ಮಾಡಲಾಗದು? ಇದೇ ಇಂದಿನ ನಮ್ಮ ಪ್ರಶ್ನೆ.

ಮೊದಲು ವೃತ್ತಾಂತವನ್ನು ಸಂಗ್ರಹವಾಗಿ ಹೇಳುವೆವು. ಪಶ್ಚಿಮ ಆಫ್ರಿಕದ ಲೈಬೀರಿಯಾ ದೇಶದಲ್ಲಿ 1989ರಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ಅದು ಸ್ವಲ್ಪಕಾಲ ತಣ್ಣಗಾಗಿ, 1999ರಲ್ಲಿ ಮತ್ತೆ ಭುಗಿಲೆದ್ದು, 2003ರವರೆಗೆ ಆ ನಾಡನ್ನು ಸುಟ್ಟಿತು. ಅಲ್ಲಿಂದ ಓಡಿಬಂದವರಿಗಾಗಿ ಘಾನಾ ದೇಶದಲ್ಲಿ, ರಾಜಧಾನಿ ಆಕ್ರಾದ ಪಶ್ಚಿಮಕ್ಕೆ, ಬುದುಬುರಾಮ್ ಎಂಬಲ್ಲಿ 1990ರಲ್ಲಿ ವಿಶ್ವಸಂಸ್ಥೆಯವರು ಒಂದು ಬಿಡಾರವನ್ನು ಸ್ಥಾಪಿಸಿದರು. ಮನ್ರೋವಿಯಾ ನಗರವನ್ನು ಬಿಟ್ಟು ಬಂದ ದಂಪತಿಗಳಿಗೆ 2000ನೆಯ ಇಸವಿ ನವೆಂಬರ್ 2ರಂದು ಆ ಬಿಡಾರದಲ್ಲಿ ಹುಟ್ಟಿದ ಮಗುವೇ ಅಲ್ಫಾನ್ಸೊ. ತನ್ನದೆಂಬ ನೆಲವಿಲ್ಲ, ತನ್ನದೆಂಬ ನೀರಿಲ್ಲ, ತನ್ನದೆಂಬ ರಾಜ್ಯವೂ ಇಲ್ಲ. ಹೀಗೆ ಆ ಕೂಸು ಕಣ್ಣು ತೆರೆಯಿತು. ಐದು ವರ್ಷದ ಬಾಲಕನಾಗಿದ್ದಾಗ ಕೆನಡಾ ಸರಕಾರದವರು ಆ ಕುಟುಂಬವನ್ನು ತಮ್ಮ ದೇಶಕ್ಕೆ ಬರಮಾಡಿಕೊಂಡರು. ಮೊದಲು ವಿಂಡ್ಸರ್ ನಗರದಲ್ಲಿ ಕೆಲಕಾಲವಿದ್ದು, ಅನಂತರ ಆಲ್ಬರ್ಟಾ ಪ್ರಾಂತದ ಎಡ್ಮಂಟನ್ ನಗರಕ್ಕೆ ಅವರು ಹೋಗಿ ನೆಲೆಸಿದರು.

ಇಲ್ಲಿಗೆ ಕಷ್ಟವು ತೀರಿತೆಂದು ವಾಚಕರು ಭಾವಿಸಬಾರದು. ಹೊಸ ನಾಡು, ಹೊಸ ಭಾಷೆ, ಎಲುಬಿನೊಳಗೆ ಇಳಿಯುವ ಚಳಿ. ತಾಯಿತಂದೆಗಳಿಬ್ಬರೂ ದುಡಿಮೆಗೆ ಹೋಗುವವರು. ಮನೆಯಲ್ಲಿ ಚಿಕ್ಕ ಮಕ್ಕಳ ಆರೈಕೆಯು ಹಿರಿಯ ಮಗನದು. ಅಂಥ ಹುಡುಗನು ಆಟವಾಡುವುದೆಂದರೇನು? ಆ ದೇಶಗಳಲ್ಲಿ ಬಾಲಕರ ಕ್ಲಬ್ಬಿಗೆ ಸೇರಬೇಕಾದರೆ ಶುಲ್ಕ ತೆರಬೇಕು, ಉಡುಪು ಮತ್ತು ಬೂಟುಗಳನ್ನು ಕೊಳ್ಳಬೇಕು, ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮಗುವನ್ನು ವಾಹನದಲ್ಲಿ ಕರೆದೊಯ್ಯಬೇಕು. ದಿನಗೂಲಿಯ ಮನೆಗೆ ಇವು ಮೂರೂ ಆಗದ ಮಾತು. ಪ್ರತಿಭೆಯು ಎಷ್ಟೇ ಇರಲಿ, ಈ ಮೂರು ಬಾಗಿಲುಗಳು ಮುಚ್ಚಿದ್ದರೆ ಅದು ಬೀದಿಯಲ್ಲಿಯೇ ಕೊನೆಗಾಣುವುದು.

ಎಡ್ಮಂಟನ್ನಿನಲ್ಲಿ ಈ ಬಾಗಿಲುಗಳನ್ನು ತೆರೆದವರು ಮಂತ್ರಿಗಳಲ್ಲ, ಲಕ್ಷಾಧೀಶ್ವರರೂ ಅಲ್ಲ. ಬಡ ಮಕ್ಕಳಿಗಾಗಿ ಶಾಲೆಯ ಗಂಟೆ ಬಾರಿಸಿದ ಮೇಲೆ ನಡೆಯುವ ಒಂದು ಪಂದ್ಯಾವಳಿ ಅಲ್ಲಿತ್ತು. 'ಫ್ರೀ ಫೂಟಿ' ಎಂದು ಅದರ ಹೆಸರು. ಉಚಿತವಾದ ಕಾಲ್ಚೆಂಡಾಟವೆಂದೇ ಅದರ ಅರ್ಥ. ಶುಲ್ಕವಿಲ್ಲ; ಉಡುಪು ಬೂಟುಗಳನ್ನು ಅವರೇ ಕೊಡುವರು; ಮೈದಾನಕ್ಕೆ ಹೋಗಿಬರಲು ಬಸ್ಸನ್ನು ಅವರೇ ಗೊತ್ತುಮಾಡುವರು. ಮದರ್ ತೆರೇಸಾ ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಕಣ್ಣಿಗೆ ಬಿದ್ದ ಅಲ್ಫಾನ್ಸೊ ಈ ಪಂದ್ಯಾವಳಿಯಲ್ಲಿ ಆಡತೊಡಗಿದನು. ಮುಂದೆ ಸೇಂಟ್ ನಿಕೋಲಸ್ ಶಾಲೆಯಲ್ಲಿ ಪಾಠದೊಡನೆಯೇ ಆಟದ ಶಿಕ್ಷಣವೂ ದೊರೆಯಿತು; ಊರಿನ ಒಂದು ಕ್ಲಬ್ಬು ಆತನನ್ನು ಸೇರಿಸಿಕೊಂಡಿತು. ಇಷ್ಟೇ ಸಂಗತಿ. ಇದರಲ್ಲಿ ಅದ್ಭುತವೇನೂ ಇಲ್ಲ. ಒಬ್ಬ ಉಪಾಧ್ಯಾಯರ ಕಣ್ಣು, ಒಂದು ಜೊತೆ ಬೂಟು, ಒಂದು ಬಸ್ಸಿನ ಆಸನ. ಆದರೆ ಈ ಮೂರರಲ್ಲಿ ಒಂದು ತಪ್ಪಿದ್ದರೂ ಲೋಕವು ಆ ಹುಡುಗನ ಹೆಸರನ್ನು ಕೇಳುತ್ತಿರಲಿಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

2015ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಆತನು ವ್ಯಾಂಕೂವರ್ ವೈಟ್‌ಕ್ಯಾಪ್ಸ್ ಎಂಬ ವೃತ್ತಿನಿರತ ತಂಡದ ವಸತಿಶಾಲೆಗೆ ಸೇರಿದನು. 2016ರ ಜುಲೈ 16ರಂದು ಉತ್ತರ ಅಮೆರಿಕದ ಮುಖ್ಯ ಪಂದ್ಯಾವಳಿಯಾದ ಮೇಜರ್ ಲೀಗ್ ಸಾಕರಿನಲ್ಲಿ ಮೈದಾನಕ್ಕಿಳಿದನು. ಆಗ ಆತನಿಗೆ ಹದಿನೈದು ವರ್ಷ ಎಂಟು ತಿಂಗಳು. ಆ ಪಂದ್ಯಾವಳಿಯ ಚರಿತ್ರೆಯಲ್ಲಿ ಅಲ್ಲಿಯವರೆಗೆ ಅದಕ್ಕಿಂತ ಕಿರಿಯ ವಯಸ್ಸಿನಲ್ಲಿ ಆಡಿದವನು ಒಬ್ಬನೇ ಇದ್ದನು.

ಇನ್ನು ಮುಂದಿನ ಸಂಗತಿಯನ್ನು ನಮ್ಮ ಅಧಿಕಾರಿವರ್ಗದವರು ವಿಶೇಷವಾಗಿ ಗಮನಿಸಬೇಕು. ಇಷ್ಟೆಲ್ಲ ಕೀರ್ತಿ ಬಂದರೂ ಆತನು ಕೆನಡಾ ದೇಶದ ಪರವಾಗಿ ಆಡುವಂತಿರಲಿಲ್ಲ. ಏಕೆಂದರೆ ಆತನಿನ್ನೂ ಆ ದೇಶದ ಪ್ರಜೆಯಾಗಿರಲಿಲ್ಲ. 2017ರ ಜೂನ್ 6ರಂದು ಪೌರತ್ವದ ಪ್ರಮಾಣವಚನವಾಯಿತು. ಅದೇ ದಿನ ರಾಷ್ಟ್ರೀಯ ತಂಡಕ್ಕೆ ಆತನ ಹೆಸರು ಸೇರಿತು. ಜೂನ್ 13ರಂದು, ಅಂದರೆ ಒಂದು ವಾರದೊಳಗಾಗಿ, ಕುರಸಾವ್ ತಂಡದ ವಿರುದ್ಧ ಆತನು ದೇಶದ ಅಂಗಿಯನ್ನು ತೊಟ್ಟು ಆಡಿದನು. ಮರುತಿಂಗಳು ಉತ್ತರ ಮತ್ತು ಮಧ್ಯ ಅಮೆರಿಕ ರಾಷ್ಟ್ರಗಳ ಗೋಲ್ಡ್ ಕಪ್ ಪಂದ್ಯಗಳಲ್ಲಿ ಮೂರು ಗೋಲುಗಳನ್ನು ಹೊಡೆದು, ಅತ್ಯುತ್ತಮ ಕಿರಿಯ ಆಟಗಾರನೆಂಬ ಮನ್ನಣೆಯನ್ನು ಪಡೆದನು. ಒಂದು ಕಾಗದವು ಬರುವ ಮುನ್ನ ಆತನು ಪರಕೀಯ. ಬಂದ ಏಳನೆಯ ದಿನ ರಾಷ್ಟ್ರದ ಪ್ರತಿನಿಧಿ. ಕಚೇರಿಯ ಮೇಜಿನ ಮೇಲಿರುವ ಕಡತದ ಕಟ್ಟಿಗೆ ಎಷ್ಟು ತೂಕವಿದೆಯೆಂಬುದು ಇದರಿಂದ ತಿಳಿಯುವುದು.

2018ರ ಜುಲೈ ಮಾಹೆಯಲ್ಲಿ ಜರ್ಮನಿಯ ಬಾಯರ್ನ್ ಮ್ಯೂನಿಕ್ ಕ್ಲಬ್ಬು ಈ ಬಾಲಕನಿಗಾಗಿ ವ್ಯಾಂಕೂವರಿನ ಕ್ಲಬ್ಬಿಗೆ 1 ಕೋಟಿ 35 ಲಕ್ಷ ಡಾಲರುಗಳನ್ನು ಕೊಡಲು ಒಪ್ಪಿತು. ಗೊತ್ತುಮಾಡಿದ ಷರತ್ತುಗಳೆಲ್ಲ ನೆರವೇರಿದರೆ ಮೊತ್ತವು 2 ಕೋಟಿ 20 ಲಕ್ಷದವರೆಗೆ ಏರತಕ್ಕದ್ದು. ಆ ಪಂದ್ಯಾವಳಿಯಿಂದ ಆಟಗಾರನೊಬ್ಬನಿಗೆ ಅಷ್ಟು ಬೆಲೆಯು ಅದಕ್ಕೆ ಹಿಂದೆ ಬಂದಿರಲಿಲ್ಲ. ಹದಿನೆಂಟು ತುಂಬದ ಬಾಲಕನನ್ನು ಸಾಮಾನ್ಯವಾಗಿ ಪರದೇಶದ ಕ್ಲಬ್ಬಿಗೆ ವರ್ಗಾಯಿಸಕೂಡದೆಂಬ ಅಂತರರಾಷ್ಟ್ರೀಯ ನಿಯಮವಿರುವುದರಿಂದ, ಆತನು 2019ರ ಜನವರಿಯಲ್ಲಿ ಅಲ್ಲಿಗೆ ಹೋದನು. ಮುಂಚೂಣಿಯಲ್ಲಿ ಆಡುತ್ತಿದ್ದವನನ್ನು, ಸಹ ಆಟಗಾರರು ಗಾಯಗೊಂಡ ಸಂದರ್ಭದಲ್ಲಿ, ರಕ್ಷಣೆಯ ಎಡಪಕ್ಕಕ್ಕೆ ನಿಲ್ಲಿಸಿದರು. ಅವನು ಗೊಣಗಲಿಲ್ಲ, ಆ ಸ್ಥಾನವನ್ನೇ ತನ್ನದಾಗಿ ಮಾಡಿಕೊಂಡನು. 2020ರ ಆಗಸ್ಟ್ 14ರಂದು ಲಿಸ್ಬನ್ ನಗರದಲ್ಲಿ ಬಾರ್ಸಿಲೋನಾ ತಂಡವನ್ನು ಬಾಯರ್ನ್ 8-2 ಗೋಲುಗಳಿಂದ ಮುರಿದ ದಿನ, ಎಡ ಅಂಚಿನಲ್ಲಿ ಎದುರಾಳಿಗಳನ್ನು ಹಿಂದಿಕ್ಕಿ ಆತನು ಒದಗಿಸಿಕೊಟ್ಟ ಗೋಲನ್ನು ನೋಡಿದವರು ಮರೆಯಲಾರರು. ಒಂಬತ್ತು ದಿನಗಳ ತರುವಾಯ ಪ್ಯಾರಿಸಿನ ತಂಡವನ್ನು 1-0ಯಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಪಾರಿತೋಷಕವನ್ನು ಆ ಕ್ಲಬ್ಬು ಗೆದ್ದಿತು.

ಈ ವೃತ್ತಿಯು ಹೂವಿನ ಹಾಸಿಗೆಯೆಂದು ನಾವು ಹೇಳಲೊಲ್ಲೆವು. 2022ರ ಜನವರಿಯಲ್ಲಿ ಕೋವಿಡ್ ಜ್ವರದ ತರುವಾಯ ಆತನ ಹೃದಯದ ಸ್ನಾಯುವಿನಲ್ಲಿ ಉರಿಯೂತವು ಕಂಡುಬಂದು, ತಿಂಗಳುಗಟ್ಟಲೆ ಆಟವನ್ನು ಬಿಡಬೇಕಾಯಿತು. ಕೆನಡಾ ದೇಶವು 1986ರ ಬಳಿಕ ಮೊದಲ ಬಾರಿಗೆ ವಿಶ್ವಕಪ್ಪಿಗೆ ಅರ್ಹತೆ ಪಡೆದಾಗ ಆತನು ಮನೆಯಲ್ಲಿ ಕುಳಿತು ನೋಡಿದನು. ಅದೇ ವರ್ಷ ನವೆಂಬರ್ 23ರಂದು ಬೆಲ್ಜಿಯಂ ವಿರುದ್ಧ ದೊರೆತ ಪೆನಾಲ್ಟಿಯು ವ್ಯರ್ಥವಾಯಿತು. ನಾಲ್ಕು ದಿನಗಳಾದ ಮೇಲೆ ಕ್ರೊಯೇಷಿಯಾ ವಿರುದ್ಧ ಎರಡನೆಯ ನಿಮಿಷದಲ್ಲಿಯೇ ಗೋಲು ಹೊಡೆದನು. ಪಂದ್ಯವು 4-1ರಿಂದ ಸೋತುಹೋಯಿತು. ಆದರೆ ವಿಶ್ವಕಪ್ಪಿನ ಪುರುಷರ ಪಂದ್ಯಗಳಲ್ಲಿ ಕೆನಡಾ ದೇಶವು ಹೊಡೆದ ಮೊಟ್ಟಮೊದಲ ಗೋಲು ಬುದುಬುರಾಮಿನ ಬಿಡಾರದಲ್ಲಿ ಹುಟ್ಟಿದವನದು. 2025ರ ಮಾರ್ಚಿನಲ್ಲಿ ದೇಶಕ್ಕಾಗಿ ಆಡುವಾಗಲೇ ಮೊಣಕಾಲಿನ ಕಟ್ಟು ಹರಿಯಿತು. ಒಂದು ಮೊಣಕಾಲಿನ ಮೇಲೆ ನಿಂತ ವೃತ್ತಿಯಿದು. ಆದಕಾರಣ ಆಟದ ಜೊತೆಗೆ ಓದು ಇರಬೇಕೆಂದು ಮುಂದೆ ನಾವು ಒತ್ತಿ ಹೇಳುವೆವು.

ತನ್ನ ಮೂಲವನ್ನು ಆತನು ಮುಚ್ಚಿಡಲಿಲ್ಲವೆಂಬುದು ನಮಗೆ ಮೆಚ್ಚುಗೆಯಾದ ಇನ್ನೊಂದು ಗುಣ. 2018ರ ಜೂನ್ 13ರಂದು ಮಾಸ್ಕೋ ನಗರದಲ್ಲಿ, 2026ರ ವಿಶ್ವಕಪ್ಪಿನ ಆತಿಥ್ಯವನ್ನು ಉತ್ತರ ಅಮೆರಿಕದ ಮೂರು ದೇಶಗಳಿಗೆ ಕೊಡಬೇಕೆಂದು ಕೇಳುವ ಸಭೆಯಲ್ಲಿ, ಹದಿನೇಳರ ಈ ಬಾಲಕನು ತಾನು ಬಿಡಾರದಲ್ಲಿ ಹುಟ್ಟಿದವನೆಂದು ಹೇಳಿಯೇ ಮಾತು ಬೆಳೆಸಿದನು. 2021ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗವು ಆತನನ್ನು ತನ್ನ ಸದ್ಭಾವನಾ ದೂತನನ್ನಾಗಿ ನೇಮಿಸಿತು.

'ಎಲ್ಲಿಯ ಕೆನಡಾ, ಎಲ್ಲಿಯ ಬಳ್ಳಾರಿ?' ಎಂದು ಕೇಳುವವರಿಗೆ ನಮ್ಮ ಉತ್ತರವು ಸಿದ್ಧವಾಗಿದೆ. 'ಕ್ಯಾಂಪು' ಎಂಬ ಪದವು ನಮ್ಮ ಸೀಮೆಯಲ್ಲಿ ಪರಭಾಷೆಯ ಶಬ್ದವಾಗಿ ಉಳಿದಿಲ್ಲ. ಊರುಗಳ ಹೆಸರಾಗಿ ಹೋಗಿದೆ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು ಈ ಪ್ರದೇಶದ ಜನಜೀವನವನ್ನೇ ಕಲಕಿತು. ನಾರಾಯಣದೇವರಕೆರೆಯಂಥ ಊರುಗಳು ಮುಳುಗಿ, ಅಲ್ಲಿಯವರು ಮನೆ ಮಠ ಬಿಟ್ಟು ಬೇರೆಡೆ ನೆಲೆ ಹುಡುಕಿದರು. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದ ರೈತರು ಭೂಮಿ ಕೊಂಡು ಸಿರುಗುಪ್ಪ, ಗಂಗಾವತಿ, ಸಿಂಧನೂರು ಸೀಮೆಗಳಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡರು. ಇವರು ನಿರಾಶ್ರಿತರಲ್ಲ, ನಿಜ. ಆದರೆ ಸಿರುಗುಪ್ಪದಿಂದ ಧಡೇಸೂಗೂರಿನ ಬಳಿ ಹೊಳೆಯನ್ನು ದಾಟಿ ಸಿಂಧನೂರಿನ ಕಡೆ ಹೋದವರಿಗೆ ಅಲ್ಲಿಯ ಪುನರ್ವಸತಿ ಕ್ಯಾಂಪುಗಳು ಗೊತ್ತು. ಪೂರ್ವ ಬಂಗಾಳವನ್ನು ಬಿಟ್ಟು ಬಂದ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಭೂಮಿಯನ್ನು ಕೊಟ್ಟು ಅಲ್ಲಿ ನೆಲೆಗೊಳಿಸಲಾಯಿತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ. ಅವರ ಮೊಮ್ಮಕ್ಕಳು ಇಂದು ನಮ್ಮ ಬಸ್ಸುಗಳಲ್ಲಿ, ನಮ್ಮ ಸಂತೆಗಳಲ್ಲಿ ನಮ್ಮವರೇ ಆಗಿದ್ದಾರೆ. ಆದರೂ ಆ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪ್ರಮಾಣಪತ್ರವು ಕೈಗೆ ಬಂದುದು 2024ರಲ್ಲಿ. ಒಬ್ಬನಿಗೆ ಕಾಗದ ಬಂದ ಏಳು ದಿನಕ್ಕೆ ರಾಷ್ಟ್ರದ ಅಂಗಿಯು ಬಂದಿತು; ಇವರಲ್ಲಿ ಅನೇಕರಿಗೆ ಕಾಗದಕ್ಕಾಗಿಯೇ ಅರ್ಧ ಶತಮಾನವು ಸಂದಿತು.

ನಿರಾಶ್ರಿತರಿಗೂ ಕಾಲ್ಚೆಂಡಾಟಕ್ಕೂ ಇರುವ ನಂಟು ಭಾರತಕ್ಕೆ ಹೊಸದಲ್ಲ. ಅದರಲ್ಲಿ ಕನ್ನಡನಾಡಿನ ಪಾಲೂ ಇದೆ. 1920ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿತವಾದ ಈಸ್ಟ್ ಬೆಂಗಾಲ್ ಕ್ಲಬ್ಬು, ದೇಶವಿಭಜನೆಯ ತರುವಾಯ ಊರು ಕಳೆದುಕೊಂಡು ಬಂದ ಲಕ್ಷಾಂತರ ಜನರ ಅಭಿಮಾನದ ಆಸರೆಯಾಯಿತು. ಮನೆಯಿಲ್ಲದವನು ಸಂಜೆ ಮೈದಾನಕ್ಕೆ ಹೋಗಿ ತನ್ನ ಊರಿನ ಹೆಸರನ್ನು ಗಟ್ಟಿಯಾಗಿ ಕೂಗುವನು. ಆ ಒಂದು ಗಳಿಗೆ ಅವನು ನಿರಾಶ್ರಿತನಲ್ಲ. ಆ ಕಾಲದಲ್ಲಿ ಆ ಕ್ಲಬ್ಬಿನ ಮುಂಚೂಣಿಯ ಐವರನ್ನು ಜನರು ಪಂಚಪಾಂಡವರೆಂದು ಕರೆದರು. ಅವರಲ್ಲಿ ಅಹಮದ್ ಖಾನರೂ ಧನರಾಜರೂ ಬೆಂಗಳೂರಿನವರು. 1949, 1950, 1951 ಈ ಮೂರು ವರ್ಷಗಳೂ ಎಡೆಬಿಡದೆ ಐ.ಎಫ್.ಎ. ಷೀಲ್ಡು ಆ ಕ್ಲಬ್ಬಿನ ಪಾಲಾಯಿತು. ನೆಲೆ ಕಳೆದುಕೊಂಡ ಬಂಗಾಳಿಗಳ ಕಣ್ಣೀರನ್ನು ಬೆಂಗಳೂರಿನ ಹುಡುಗರು ತಮ್ಮ ಕಾಲುಗಳಿಂದ ಒರೆಸಿದರೆಂದರೆ ಅತಿಶಯೋಕ್ತಿಯಲ್ಲ. ಇವರಿಬ್ಬರೂ 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಸ್ವತಂತ್ರ ಭಾರತದ ತಂಡದಲ್ಲಿದ್ದವರು. ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಆ ತಂಡವು ಫ್ರಾನ್ಸಿನ ಮೇಲೆ ಹೊಡೆದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು.

ಕಾಗದವಿಲ್ಲದವರ ಗತಿಯೇನೆಂಬುದಕ್ಕೂ ನಿದರ್ಶನವು ನಮ್ಮ ರಾಜ್ಯದಲ್ಲಿಯೇ ಇದೆ. ಬೈಲಕುಪ್ಪೆಯಲ್ಲಿ 1960ರ ಸುಮಾರಿಗೆ, ಮುಂಡಗೋಡಿನಲ್ಲಿ 1966ರ ಹೊತ್ತಿಗೆ ಟಿಬೇಟಿನ ನಿರಾಶ್ರಿತರು ನೆಲೆಸಿದರು. ಆ ಜನಾಂಗದ ತರುಣರು ತಮ್ಮದೇ ಒಂದು ತಂಡವನ್ನು ಕಟ್ಟಿ, 2001ರ ಜೂನ್ 30ರಂದು ಕೋಪನ್‌ಹೇಗನ್ ನಗರದಲ್ಲಿ ಗ್ರೀನ್‌ಲೆಂಡ್ ತಂಡದ ವಿರುದ್ಧ ಆಡಿ 4-1ರಿಂದ ಸೋತರು. ಸೋಲಿನಲ್ಲಿ ಅವಮಾನವಿಲ್ಲ. ಆದರೆ ಆ ತಂಡಕ್ಕೆ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಸ್ಥಾನವಿಲ್ಲ. ಭಾರತದ ಪಾಸ್‌ಪೋರ್ಟು ಇಲ್ಲದವನು ಭಾರತಕ್ಕಾಗಿಯೂ ಆಡುವಂತಿಲ್ಲ. ಕಾಲಿನಲ್ಲಿ ಶಕ್ತಿಯಿದ್ದೂ ನಿಲ್ಲಲು ನೆಲವಿಲ್ಲದ ಸ್ಥಿತಿಯಿದು. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ನಮ್ಮ ದೇಶವು ಸಹಿ ಹಾಕಿಲ್ಲ. ಇಂಥವರಿಗೆಂದೇ ಪ್ರತ್ಯೇಕವಾದ ಶಾಸನವೂ ನಮ್ಮಲ್ಲಿಲ್ಲ. ಆ ದೊಡ್ಡ ಪ್ರಶ್ನೆಯನ್ನು ದೆಹಲಿಯು ನಿರ್ಣಯಿಸಬೇಕು. ಆದರೆ ಮಗುವಿನ ಆಟಪಾಠಗಳು ದೆಹಲಿಯ ನಿರ್ಣಯಕ್ಕಾಗಿ ಕಾಯಬೇಕಾಗಿಲ್ಲ.

ಹಾಗಾದರೆ ನಮ್ಮ ಜಿಲ್ಲೆಯ ಸಾಮಗ್ರಿಯೇನು? ಅದು ಅಲ್ಪವಾದುದಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಮಹಾ ಕ್ರೀಡಾಶಾಲೆಯು ತೆರೆಯಿತು. ಒಲಿಂಪಿಕ್ಸಿನಲ್ಲಿ ಈಟಿ ಎಸೆದು ಚಿನ್ನವನ್ನು ತಂದ ನೀರಜ ಚೋಪ್ರಾ ಅವರು ಅಲ್ಲಿ ಅಭ್ಯಾಸ ಮಾಡಿದವರು. ಅದೇ ಉದ್ಯಮಸಂಸ್ಥೆಯು 2013ರಲ್ಲಿ ಕಟ್ಟಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಎರಡು ಸಲ ಐ-ಲೀಗನ್ನೂ, 2019ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು. ಅದರ ಎಳೆಯ ಆಟಗಾರರ ವಸತಿಶಾಲೆಯು ನೆಲೆಗೊಂಡುದು ಇದೇ ಜಿಲ್ಲೆಯಲ್ಲಿ. 2023ರ ಮಾರ್ಚ್ 4ರಂದು ಕರ್ನಾಟಕದ ತಂಡವು ರಿಯಾದ್ ನಗರದಲ್ಲಿ ಮೇಘಾಲಯವನ್ನು ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ತಂದಿತು. ಅಂದಮೇಲೆ ಶಿಖರವು ನಮ್ಮ ಕಣ್ಣೆದುರಿಗೇ ಇದೆ. ಇಲ್ಲದಿರುವುದು ಮೆಟ್ಟಿಲು. ಬಂದವರನ್ನು ತಿದ್ದಿ ತೀಡುವುದು ತೋರಣಗಲ್ಲಿನ ಕೆಲಸ; ಆ ಬಾಗಿಲವರೆಗೆ ಮಗುವನ್ನು ಕರೆದೊಯ್ಯುವುದು ಊರಿನವರ ಕೆಲಸ. ಸಿರುಗುಪ್ಪದ ಗದ್ದೆಯ ಬದುವಿನ ಮೇಲೆ ಓಡುವ ಹುಡುಗನಿಗೂ, ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರಿನ ಬೀದಿಯಲ್ಲಿ ಚೆಂಡು ಒದೆಯುವ ಹುಡುಗನಿಗೂ, ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವ ಮನೆಯ ಹುಡುಗನಿಗೂ ತೋರಣಗಲ್ಲು ಎಷ್ಟು ದೂರ? ಮೈಲಿಗಳ ಲೆಕ್ಕದಲ್ಲಿ ಸಮೀಪ. ಬೂಟು, ಬಸ್ಸು, ಉಪಾಧ್ಯಾಯ ಎಂಬ ಲೆಕ್ಕದಲ್ಲಿ ಜರ್ಮನಿಯಷ್ಟೇ ದೂರ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ನಮ್ಮ ಮಕ್ಕಳಿಗೇ ಇಲ್ಲದಿರುವಾಗ ವಲಸೆ ಬಂದವರ ಮಕ್ಕಳಿಗೇಕೆಂಬುದು ಮೊದಲನೆಯದು. ಎಡ್ಮಂಟನ್ನಿನ ಪಂದ್ಯಾವಳಿಯು ನಿರಾಶ್ರಿತರಿಗೆಂದೇ ಏರ್ಪಟ್ಟುದಲ್ಲ, ಬಡವರಿಗೆಂದು ಏರ್ಪಟ್ಟುದು. ಅದರಲ್ಲಿ ನಿರಾಶ್ರಿತನಿಗೂ ಎಡೆ ದೊರೆಯಿತು, ಅಷ್ಟೆ. ಹಾಗೆಯೇ ಇಲ್ಲಿಯೂ ಕೂಲಿಕಾರನ ಮಗ, ಅಣೆಕಟ್ಟಿನಿಂದ ಎದ್ದುಹೋದವರ ಮೊಮ್ಮಗ, ಹೊಳೆಯಾಚೆಯ ಕ್ಯಾಂಪಿನ ಹುಡುಗ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಲಿ. ಚೆಂಡಿಗೆ ಜಾತಿ ಗೊತ್ತಿಲ್ಲ, ಗಡಿ ಗೊತ್ತಿಲ್ಲ. ಲಕ್ಷಕ್ಕೊಬ್ಬನು ಡೇವಿಸ್ ಆಗುವನು, ಉಳಿದವರ ಗತಿಯೇನೆಂಬುದು ಎರಡನೆಯದು. ಉಳಿದವರು ಸಂಜೆ ಎರಡು ಗಂಟೆ ಮೈದಾನದಲ್ಲಿದ್ದು, ಗುಟ್ಕಾ ಜೂಜುಗಳ ಕಟ್ಟೆಯಿಂದ ದೂರವಿದ್ದು, ಶಾಲೆಯನ್ನು ಬಿಡದೆ ಗಟ್ಟಿಮುಟ್ಟಾಗಿ ಬೆಳೆದರೆ ಸಾಲದೇ? ಮಾವಿನ ಮರದ ಹೂವೆಲ್ಲ ಹಣ್ಣಾಗುವುದಿಲ್ಲವೆಂದು ಯಾರೂ ಮರಕ್ಕೆ ನೀರು ನಿಲ್ಲಿಸುವುದಿಲ್ಲ. ಆಟದಿಂದ ಓದು ಕೆಡುವುದೆಂಬುದು ಮೂರನೆಯದು. ಓದನ್ನು ಬಿಟ್ಟ ಆಟವನ್ನು ನಾವೂ ಒಪ್ಪೆವು. ಹಾಜರಿಯಿಲ್ಲದವನಿಗೆ ಆ ವಾರ ಆಟವಿಲ್ಲವೆಂಬ ನಿಯಮವನ್ನು ಮಾಡಿದರೆ, ಚೆಂಡೇ ಹುಡುಗರನ್ನು ಶಾಲೆಗೆ ಎಳೆದು ತರುವುದು.

ಹಣವಂತರಾದ ವರ್ತಕ ಮಹನೀಯರಿಗೂ ಒಂದು ಲೆಕ್ಕವನ್ನು ಅರಿಕೆ ಮಾಡುವೆವು. ಆಟಗಾರನು ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದರೆ, ಆ ಹಣದಲ್ಲಿ ನೂರಕ್ಕೆ 5 ಪಾಲನ್ನು, ಆತನು ಹನ್ನೆರಡನೆಯ ವಯಸ್ಸಿನಿಂದ ಇಪ್ಪತ್ತಮೂರರವರೆಗೆ ತರಬೇತು ಪಡೆದ ಕ್ಲಬ್ಬುಗಳಿಗೆ ಹಂಚಬೇಕೆಂಬುದು ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ. ಹದಿನೈದರವರೆಗಿನ ಪ್ರತಿ ವರ್ಷಕ್ಕೆ ನೂರಕ್ಕೆ ಕಾಲು ಪಾಲು, ಅಲ್ಲಿಂದ ಮುಂದೆ ವರ್ಷಕ್ಕೆ ಅರ್ಧ ಪಾಲು. 1 ಕೋಟಿ 35 ಲಕ್ಷ ಡಾಲರಿನ ವ್ಯವಹಾರವಾದರೆ, ಹುಡುಗನಿಗೆ ಹನ್ನೆರಡರ ವಯಸ್ಸಿನಲ್ಲಿ ಒಂದೇ ವರ್ಷ ಆಟ ಕಲಿಸಿದ ಸಣ್ಣ ಕ್ಲಬ್ಬಿಗೂ 33,750 ಡಾಲರುಗಳ ಹಕ್ಕು ಈ ಲೆಕ್ಕದಂತೆ ಬರುವುದು. ಇದು ಬಂದೇ ಬರುವುದೆಂದು ನಂಬಿ ಯಾರೂ ಅಂಗಡಿ ತೆರೆಯಬೇಕಾಗಿಲ್ಲ. ಆದರೆ ಸರಿಯಾಗಿ ನೋಂದಣಿಯಾಗಿ, ಮಕ್ಕಳ ಹೆಸರು, ವಯಸ್ಸು, ವರ್ಷಗಳ ದಾಖಲೆಯನ್ನಿಟ್ಟ ಕ್ಲಬ್ಬು ನಮ್ಮ ಒಂದೊಂದು ತಾಲ್ಲೂಕಿನಲ್ಲಿಯೂ ಇರಬೇಕೆಂಬುದಕ್ಕೆ ಇದು ಸಾಕಾದಷ್ಟು ಕಾರಣ.

ಇನ್ನು ನಮ್ಮ ಸೂಚನೆಗಳು. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಈ ಮೂರೆಡೆಯ ಸರಕಾರಿ ಶಾಲೆಗಳ ನಡುವೆ ವಾರಕ್ಕೆ ಎರಡು ಸಂಜೆ ನಡೆಯುವ ಉಚಿತ ಪಂದ್ಯಾವಳಿಯೊಂದು ಆರಂಭವಾಗಲಿ. ನಮ್ಮ ಬೇಸಗೆಯ ಬಿಸಿಲನ್ನು ಬಲ್ಲವರು ಅದನ್ನು ಮಳೆಗಾಲ ಚಳಿಗಾಲಗಳಲ್ಲಿ ನಡೆಸುವರು. ಬೂಟು ಮತ್ತು ಬಸ್ಸು ಪಂದ್ಯಾವಳಿಯ ಖರ್ಚಿಗೇ ಸೇರತಕ್ಕದ್ದು. ಅವು ಮಗುವಿನ ಮನೆಯ ಖರ್ಚಾಗಕೂಡದು. ಬಾಲಕಿಯರಿಗೆ ಪ್ರತ್ಯೇಕ ತಂಡಗಳಿರಲಿ. ವರ್ಷಕ್ಕೊಮ್ಮೆ ತೋರಣಗಲ್ಲಿನ ಶಿಕ್ಷಕರು ಸಿರುಗುಪ್ಪಕ್ಕೂ ಕುರುಗೋಡಿಗೂ ತಾವಾಗಿ ಬಂದು ಮಕ್ಕಳನ್ನು ಪರೀಕ್ಷಿಸಲಿ. ಹೊಳೆಯಾಚೆಯ ಕ್ಯಾಂಪುಗಳ ಮಕ್ಕಳಿಗೂ ಆ ದಿನ ಸಿರುಗುಪ್ಪದ ಮೈದಾನವು ತೆರೆದಿರಲಿ. ಜಿಲ್ಲೆಯ ಗಡಿಯು ತಹಶೀಲ್ದಾರರ ಕಡತಕ್ಕೆ ಇರುವ ಗೆರೆ. ಮಕ್ಕಳಿಗೆ ಅದು ಗೋಡೆಯಾಗಬೇಕಾಗಿಲ್ಲ.

ಇದಕ್ಕೆ ಹಣವೆಲ್ಲಿ ಎಂಬ ಪ್ರಶ್ನೆಯನ್ನು ಬಳ್ಳಾರಿಯಲ್ಲಿ ಕೇಳುವುದು ನಗೆಗೇಡು. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಉದ್ಯಮಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ನ್ನು ಸಮಾಜದ ಕೆಲಸಗಳಿಗೆ ಕೊಡಬೇಕು. ಗ್ರಾಮೀಣ ಕ್ರೀಡೆಗಳ ತರಬೇತಿಯು ಆ ಕೆಲಸಗಳ ಪಟ್ಟಿಯಲ್ಲಿ ಸ್ಪಷ್ಟವಾಗಿ ನಮೂದಾಗಿದೆ. 2015ರ ತಿದ್ದುಪಡಿಯಂತೆ ಗಣಿಗಾರಿಕೆಯ ಜಿಲ್ಲೆಗಳಲ್ಲಿ ಸ್ಥಾಪಿತವಾದ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣಕ್ಕೂ ಮಕ್ಕಳ ಕಲ್ಯಾಣಕ್ಕೂ ಅಗ್ರಸ್ಥಾನವಿದೆ. ನಮ್ಮ ಬೆಟ್ಟಗಳನ್ನು ಅಗೆದು ಹುಟ್ಟಿದ ಹಣವು ನಮ್ಮ ಮಕ್ಕಳ ಕಾಲಿಗೆ ಬೂಟಾಗಿ ಬರುವುದರಲ್ಲಿ ಅನ್ಯಾಯವೇನಿದೆ?

ಕಾಗದದ ವಿಷಯದಲ್ಲಿ ಇನ್ನೊಂದು ಮಾತು. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಶಾಲೆಯ ಪ್ರವೇಶವನ್ನು ನಿರಾಕರಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ಹೇಳುತ್ತದೆ. ಶಾಲೆಯೊಳಗೆ ಬರಲು ಬೇಡವಾದ ಕಾಗದವು ಶಾಲೆಯ ಮೈದಾನಕ್ಕೆ ಇಳಿಯಲು ಏಕೆ ಬೇಕು? ಮುಂದೆ ವೃತ್ತಿಯ ತಂಡಗಳಿಗೆ ಹೆಸರು ಬರೆಸುವಾಗ ದಾಖಲೆಗಳು ಬೇಕೇ ಬೇಕು. ಅವನ್ನು ಕಾಲಕ್ಕೆ ಸರಿಯಾಗಿ ಒದಗಿಸಿಕೊಡುವುದು ಕಚೇರಿಗಳ ಧರ್ಮ. ಅರ್ಜಿಯನ್ನು ಹಿಡಿದು ಬಾಗಿಲಲ್ಲಿ ನಿಂತ ತಂದೆಯನ್ನು ನಾಳೆ ಬಾ ಎಂದು ಕಳುಹಿಸುವ ಗುಮಾಸ್ತರು, ಆ ನಾಳೆಯಲ್ಲಿ ಒಬ್ಬ ಹುಡುಗನ ಹದಿಹರೆಯವು ಕಳೆದುಹೋಗುವುದೆಂಬುದನ್ನು ನೆನೆಯಬೇಕು. ಆಟಗಾರನ ಆಯುಷ್ಯವು ಕಡತದ ಆಯುಷ್ಯಕ್ಕಿಂತ ಬಹಳ ಚಿಕ್ಕದು.

ಕೆನಡಾ ದೇಶವು ಆ ಕುಟುಂಬವನ್ನು ಕರೆಸಿಕೊಂಡಾಗ ಮುಂದೊಂದು ದಿನ ಗೋಲು ಹೊಡೆಯುವ ಮಗನಿದ್ದಾನೆಂದು ಕರೆಸಿಕೊಳ್ಳಲಿಲ್ಲ. ಆಶ್ರಯ ಬೇಕಾದವರೆಂದು ಕರೆಸಿಕೊಂಡಿತು. ಆ ಉಪಾಧ್ಯಾಯರೂ ಭವಿಷ್ಯದ ಕೀರ್ತಿಯನ್ನು ಕಂಡು ಕೈಹಿಡಿಯಲಿಲ್ಲ. ಎದುರಿಗಿದ್ದ ಮಗುವಿಗೆ ಆಡುವ ಆಸೆಯಿತ್ತೆಂದು ಕೈಹಿಡಿದರು. ಫಲವು ತಾನಾಗಿ ಬಂದಿತು. ಜಿಲ್ಲಾಧಿಕಾರಿಗಳು, ಶಿಕ್ಷಣ ಇಲಾಖೆಯವರು, ಉದ್ಯಮಪತಿಗಳು, ಮುಖ್ಯೋಪಾಧ್ಯಾಯರು ಈ ನಾಲ್ವರೂ ಒಂದು ಸಂಜೆ ಒಟ್ಟಿಗೆ ಕುಳಿತರೆ, ಬರುವ ಶಾಲಾವರ್ಷದ ಪ್ರಾರಂಭಕ್ಕೆ ಈ ಪಂದ್ಯಾವಳಿಯನ್ನು ಆರಂಭಿಸುವುದು ಕಷ್ಟವಲ್ಲ. ಬಳ್ಳಾರಿಯ ಮುನಿಸಿಪಲ್ ಕಾಲೇಜಿನ ಮೈದಾನದಲ್ಲಿ ಮೊದಲ ಪಂದ್ಯದ ಸೀಟಿಯು ಊದಲಿ. ಎಷ್ಟು ಮಕ್ಕಳ ಕಾಲಿನಲ್ಲಿ ಬೂಟಿತ್ತು, ಎಷ್ಟು ಬಸ್ಸುಗಳು ಹೊತ್ತಿಗೆ ಸರಿಯಾಗಿ ಬಂದುವು, ಯಾವ ಕ್ಯಾಂಪಿನ ಮಕ್ಕಳು ಅಂಗಳಕ್ಕಿಳಿದರು ಎಂಬ ವರದಿಯನ್ನು ಅಂದು ಇದೇ ಪುಟದಲ್ಲಿ ಅಚ್ಚುಮಾಡಲು ನಾವು ಸಿದ್ಧರಿದ್ದೇವೆ.